ನನ್ನ ರಕ್ತದ ಕಪ್ಪು ಕೋಶಗಳು

ಟೂವಾಂಗ್, ಬ್ರಿಸ್ಬೇನ್
ಜೂನ್ 9, ಸೋಮವಾರ

ಪ್ರೀತಿಯ ತಮ್ಮ ಡಾರ್ಸಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಎಷ್ಟು ಸಲ ಫೋನ್ ಮಾಡಿದರೂ ನಿನ್ನ ಸುಳಿವಿಲ್ಲ. ಲಾರಿಗೆ ಮೂರು ಟ್ರೇಲರ್ ಕಟ್ಟಿಕೊಂಡು ಸಿಗ್ನಲ್ ಇಲ್ಲದ ಬಯಲಲ್ಲಿ ಅಲೆಯುವವನಿಗೆ ಕಾಗದವೇ ಸರಿ ಎಂದು, ನೀನು ಡೀಸೆಲ್ ತುಂಬಿಸುವ ಬಂಕಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಕುಳಿತುಕೊಂಡು ಓದು.

ನನ್ನ ಲ್ಯಾಬಿನ ಕೆಲಸವನ್ನು ನೀನು "ಕಣ್ಣಿಗೆ ಕಾಣ್ದಿರೋ ಲಾರಿಗಳಿಗೆ ಅಕ್ಕ ಟ್ರಾಫಿಕ್ ಪೊಲೀಸು" ಎಂದು ಗೇಲಿ ಮಾಡುತ್ತಿದ್ದೆಯಲ್ಲ, ಅದು ಸುಳ್ಳೇನಲ್ಲ. ಜೀವಕೋಶದೊಳಗೆ ಪೊರೆಯ ಪುಟ್ಟ ಚೀಲಗಳು ಸರಕು ಹೊತ್ತು ಓಡಾಡುತ್ತವೆ. ಯಾವ ಚೀಲ ಎಲ್ಲಿ ಇಳಿಯಬೇಕೆಂದು ಹೇಳುವುದು ಸಣ್ಣ ಸಣ್ಣ ಪ್ರೋಟೀನುಗಳು. ಅವನ್ನು ಪೊರೆಯವರೆಗೆ ಕೈಹಿಡಿದು ತಲುಪಿಸಲು ಇನ್ನೊಂದು ಪ್ರೋಟೀನು ಬೇಕು. ಆ ಜೊತೆಗಾರ ಇಲ್ಲದವರ ಕಣ್ಣಿನ ಪರದೆ ವರ್ಷದಿಂದ ವರ್ಷಕ್ಕೆ ಸಾಯುತ್ತದೆ. ಮೊದಲು ಇರುಳುಗುರುಡು, ಆಮೇಲೆ ಅಕ್ಕಪಕ್ಕದ ನೋಟ, ಕೊನೆಗೆ ಪೂರ್ತಿ.

ರೋಗಿಗಳ ರಕ್ತಕ್ಕೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕಿತ್ತು. ಅರ್ಜಿ, ಅನುಮತಿ ಎಂದು ಯಾರು ಅಲೆಯುತ್ತಾರೆ? ಸೋಮಾರಿ ನಾನು, ನನ್ನ ತೋಳಿಗೇ ಸೂಜಿ ಚುಚ್ಚಿ ಟ್ಯೂಬಿನ ಮೇಲೆ 'ಆರೋಗ್ಯವಂತೆ' ಎಂದು ಬರೆದೆ. ಬಣ್ಣ ಹಾಕಿ ನೋಡಿದರೆ ಆ ಜೊತೆಗಾರ ಪ್ರೋಟೀನು ಇರುವ ಕೋಶ ಹಸಿರಾಗಿ ಹೊಳೆಯಬೇಕು. ನನ್ನವು ಅರ್ಧ ಹೊಳೆದವು, ಅರ್ಧ ಕಪ್ಪಗೇ ಉಳಿದವು. ಪಕ್ಕದ ಮೇಜಿನ ಟೆವಿಟಾ, "ಏನ್ ರೊವೀನಾ, ನಿನ್ ರಕ್ತದಲ್ಲೂ ಕಲಬೆರಕೆನಾ?" ಎಂದು ನಕ್ಕ. ನಾನೂ ನಕ್ಕೆ. ಮೂರನೇ ಸಲವೂ ಹಾಗೇ ಆದಾಗ ಇಬ್ಬರೂ ನಗಲಿಲ್ಲ. ಆ ರೋಗದ ಬೀಜ ನನ್ನಲ್ಲೂ ಇದೆ. ಅಪ್ಪನ ಕಣ್ಣು ಕೊನೆಯವರೆಗೂ ಚುರುಕಾಗಿತ್ತು, ಹಾಗಾದರೆ ಇದು ಅಮ್ಮನಿಂದ ಬಂದದ್ದು. ಹೆಂಗಸರಿಗೆ ಉಳಿದರ್ಧದಲ್ಲಿ ಹೇಗೋ ನಡೆಯುತ್ತದೆ. ಗಂಡುಮಕ್ಕಳಿಗೆ ಬಂದರೆ ಎಲ್ಲ ಕೋಶವೂ ಕಪ್ಪು.

ಸೆಡ್ರಿಕ್ ಮಾವ ನೆನಪಾದರು. ಅಮ್ಮ ತಾನು ಸಾಯುವವರೆಗೂ ಒಡಹುಟ್ಟಿದ ಅಣ್ಣನನ್ನು "ಕುಡ್ದು ಕುಡ್ದೇ ಕಣ್ಣು ಕಳ್ಕೊಂಡ, ಹಾಳಾದೋನು" ಎಂದು ಬೈದಳು. ಪಾಪ, ಅವರು ತಡವರಿಸುತ್ತಿದ್ದದ್ದು ಕುಡಿತದಿಂದಲ್ಲವೇನೋ. ಕ್ರಿಸ್‌ಮಸ್ ಸಂಜೆ ನೀನು ಮೇಜಿಗೆ ಎಡವಿ ಬಿದ್ದಾಗ ನಾನೂ ಹಾಗೇ ಬೈದೆ. "ಒಂದೇ ಬಿಯರ್ ಕಣೇ ಅಕ್ಕಾ, ಮೇಜು ಕಾಣ್ಲಿಲ್ಲ" ಎಂದೆ ನೀನು. ನಂಬಲಿಲ್ಲ ನಾನು. ಕ್ಷಮಿಸು.

ಬಂದು ರಕ್ತ ಕೊಡು. ನಿನಗೆ ಬಾರದಿರುವ ಸಂಭವವೂ ಅರ್ಧಕ್ಕರ್ಧ ಇದೆ. ಅಲ್ಲಿಯವರೆಗೆ ಹೊತ್ತು ಮುಳುಗಿದ ಮೇಲೆ ಲಾರಿ ಮುಟ್ಟಬೇಡ. ಲೈಸೆನ್ಸಿನ ಡಾಕ್ಟರು ತೋರಿಸುವ ಅಕ್ಷರಗಳನ್ನು ನೀನು ಹಗಲಲ್ಲಿ ಸರಾಗವಾಗಿ ಓದುತ್ತೀಯ. ಅದನ್ನು ನೆಚ್ಚಬೇಡ.

ನಿನ್ನ ಒಳಿತನ್ನಷ್ಟೇ ಬೇಡುವ ಅಕ್ಕ,
ರೊವೀನಾ

ಮರೆತಿದ್ದೆ: ವಿಳಾಸ ಕೇಳಲು ಬಂಕಿಗೆ ಫೋನ್ ಮಾಡಿದಾಗ ಅಲ್ಲಿನ ಹೆಂಗಸು, "ಹೋದ್ವಾರ ಮುಸ್ಸಂಜೇಲಿ ಏನಕ್ಕೋ ಗುದ್ದಿ ಬಂದ. ಕಾಣ್ಲಿಲ್ಲ, ಕಾಂಗರೂ ಇರ್ಬೇಕು ಅಂದ" ಎಂದಳು. ಡಾರ್ಸಿ, ಇಳಿದು ನೋಡಿದೆ ತಾನೇ?