ಅಂಬಾಸಿಡರ್ ಕೆಳಗಿನ ಪೇಪರ್

ಜನವರಿ 5, ರವಿವಾರ. ಬೆಳಿಗ್ಗೆ 6.30

ಪೇಪರ್ ಎಳೆದು ನೋಡಿದೆ. ಏಳು ಹನಿ. ನಿನ್ನೆ ಐದಿದ್ದವು. ಎಲ್ಲವೂ ಒಂದೇ ಕಡೆ — ಇಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕೂಡುವಲ್ಲಿ. ಎಣ್ಣೆ ಬಿದ್ದಲ್ಲಿ ಕಾಗದ ಪಾರದರ್ಶಕವಾಗುತ್ತದೆ. ಹಿಂದಿನ ಪುಟದ ಅಕ್ಷರಗಳು ಉಲ್ಟಾ ಕಾಣುತ್ತವೆ. ಒಂದೆರಡು ಸಾಲು ಓದಲು ಪ್ರಯತ್ನಿಸಿದೆ.

ಅವ್ವ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. "ಎಷ್ಟವಾ ಇವತ್ತ?" ಅಂದಳು, ಹಾಲಿನ ಲೆಕ್ಕ ಕೇಳಿದಂತೆ.

ಅಪ್ಪನ ಗಾಡಿ, ಅರವತ್ತೆಂಟರ ಮಾಡೆಲ್. ಅವರು ಹೋದಮೇಲೆ ಮೂರು ವರ್ಷ ಹಿತ್ತಲ ಶೆಡ್ಡಿನಲ್ಲಿ ನಿಂತಿತ್ತು. ಹೋದ ತಿಂಗಳು ಅಲ್ಲಾಸಾಬ ಕಾಕಾ ಬಂದು ಚಾಲೂ ಮಾಡಿದರು. ಈ ಗಾಡಿಗೆ ಅವರ ಹೊರತು ಬೇರೆ ಮಿಸ್ತ್ರಿ ಕೈ ಹಚ್ಚಿಲ್ಲ. ಎಪ್ಪತ್ತಮೂರಾಯಿತು ಅವರಿಗೆ. ಬಜಾರದ ಗ್ಯಾರೇಜು ಈಗ ಬಹುಮಟ್ಟಿಗೆ ಮಗ ಮೊಹಸಿನನದು.

ಫೆಬ್ರವರಿ 11ಕ್ಕೆ ಗದಗಿನಲ್ಲಿ ಆರ್.ಸಿ. ನವೀಕರಣದ ತಪಾಸಣೆ. ಎಣ್ಣೆ ಸುರಿಸುತ್ತ ಹೋಗುವಂತಿಲ್ಲ.

ಜನವರಿ 8

ಕಾಲೇಜಿನಲ್ಲಿ ಪಾಠ ಮುಗಿಸಿ ಮಧ್ಯಾಹ್ನದ ಬಸ್ಸಿಗೇ ಬಂದೆ. ಕಾಕಾ ಇಂಜಿನ್ನಿನ ಮೇಲಿನ ಕವರ್ ಬಿಚ್ಚಿದ್ದರು. ಸಂದು ಮುಚ್ಚುವ ಹಳೆಯ ಕಾರ್ಕ್ ಪ್ಯಾಕಿಂಗ್ ಬಿಸ್ಕೀಟಿನಂತೆ ಮುರಿದು ಬಂತು. ಹೊಸದನ್ನು ಬ್ಲೇಡಿನಿಂದ ಅವರೇ ಕೊರೆದರು.

"ತಯಾರ ಮಾಲ ಸಿಗತೈತಲ್ಲ ಕಾಕಾ?"

"ಸಿಗತೈತವಾ. ರೆಡಿಮೇಡ್ ಅಂಗಿ ಎಲ್ಲಾರಿಗೂ ಬರೋಬರಿ ಕುಂಡ್ರತೈತೇನ?"

ಜನವರಿ 9

ನಾಲ್ಕು. ಕಡಿಮೆಯಾಯಿತು ಎಂದುಕೊಳ್ಳಬಹುದು.

ಜನವರಿ 12, ರವಿವಾರ

ಕೆಳಗಿನ ಎಣ್ಣೆತೊಟ್ಟಿ ಇಳಿಸಿದರು. ಅದರ ಪ್ಯಾಕಿಂಗ್ ದಪ್ಪ ಕಾಗದದ್ದು. ಹಾಳೆಯನ್ನು ತೊಟ್ಟಿಯ ಅಂಚಿನ ಮೇಲೆ ಹಾಸಿ, ಗುಂಡು ಸುತ್ತಿಗೆಯಿಂದ ಅಂಚಿನಗುಂಟ ಸಣ್ಣಗೆ ತಟ್ಟುತ್ತ ಹೋಗುವುದು; ಅಂಚೇ ಹಾಳೆಯನ್ನು ಕತ್ತರಿಸಿಕೊಡುತ್ತದೆ. ಚಿಕ್ಕವಳಿದ್ದಾಗ ಆ ಸದ್ದಿಗೆ ನಿದ್ದೆ ಬರುತ್ತಿತ್ತು.

ಇವತ್ತು ಸದ್ದು ಸಮ ಇರಲಿಲ್ಲ. ಒಂದು ಕಡೆ ಹಾಳೆ ಹರಿಯಿತು. ಇನ್ನೊಂದು ಹಾಳೆ ತೆಗೆದರು. ಅದರ ಮೇಲೂ ಕೈ ಅದುರಿತು. ನಾನು ಬೇರೆ ಕಡೆ ನೋಡಿದೆ.

ಜನವರಿ 13

ಹನ್ನೊಂದು ಹನಿ.

ಮೊಹಸಿನ ಬಗ್ಗಿ ನೋಡಿದ. "ಅಬ್ಬಾ, ಇದು ಗಾಡಿ ಅಲ್ಲ, ಗಾಣ ಐತಿ. ಮೇಡಂರ, ಕೆಳಗ ಒಂದ ಡಬ್ಬಿ ಇಡ್ರಿ, ಒಗ್ಗರಣಿಗರ ಆಕ್ಕೈತಿ."

ನನಗೆ ನಗು ಬಂತು. ಕಾಕಾ ನಗಲಿಲ್ಲ.

ಜನವರಿ 19, ರವಿವಾರ

ಮೂರನೆಯ ಸಲ. ಮೇಲಿನದು, ಕೆಳಗಿನದು ಎರಡನ್ನೂ ಮತ್ತೆ ಬಿಚ್ಚಿ, ಮತ್ತೆ ಕೊರೆದು ಕೂರಿಸಿದರು. ಬೋಲ್ಟುಗಳನ್ನು ಬಹಳ ಬಿಗಿದರು. ಅಷ್ಟು ಬಿಗಿಯಬಾರದೆಂದು ಅವರೇ ಹಿಂದೆ ಹೇಳುತ್ತಿದ್ದರು. ಒಂದು ತಾಸು ಇಂಜಿನ್ ಓಡಿಸಿ ನಿಲ್ಲಿಸಿದೆವು. ಪೇಪರ್ ಹಾಸಿದೆವು. ಕಾಯಬೇಕಾಗಲಿಲ್ಲ. ಚಹಾ ಮುಗಿಯುವುದರೊಳಗೆ ಮೊದಲ ಹನಿ.

ಕಾಕಾ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕುಳಿತರು. ಎರಡೂ ಅಂಗೈ ಮುಂದೆ ಚಾಚಿ ನೋಡಿಕೊಂಡರು.

"ಕೈ ಸುಳ್ಳ ಹೇಳಾಕ ಹತ್ಯಾವ, ಶೀತಲವ್ವ."

ಹೋಗುವಾಗ ಚಹಾದ ಲೋಟ ತಾವೇ ತೊಳೆದಿಟ್ಟು ಹೋದರು. ಹಿಂದೆಂದೂ ಹಾಗೆ ಮಾಡಿದ್ದಿಲ್ಲ.

ಜನವರಿ 29

ಹತ್ತು ದಿನ ಬರೆಯಲಿಲ್ಲ. ಪರೀಕ್ಷೆ ಪೇಪರುಗಳು. ಕಾಕಾ ಬರಲೂ ಇಲ್ಲ, ಫೋನ್ ಎತ್ತಲೂ ಇಲ್ಲ. ಇವತ್ತು ಬಸ್ಸಿಳಿದು ನೇರ ಅವರ ಮನೆಗೆ ಹೋದೆ. ಅವರು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸಂಜೆ ಐದು ಗಂಟೆ. ಹೆಂಡತಿ ಫಕೀರಬಿ ಚಾಚಿ ಕಟ್ಟೆಗೆ ಬಂದು ಕುಳಿತಳು.

"ಪಾನಾ, ಸುತ್ತಿಗಿ ಇರೋ ಚೀಲ ಮೊಹಸಿನಗ ಕೊಟ್ಟ ಬಿಟ್ಟಾರವಾ. ಒಂದ ಹನಿ ನಿಲ್ಲಸಾಕ ಆಗದಾವ ನಾ ಎಂಥಾ ಮಿಸ್ತ್ರಿ ಅಂತಾರ. ಗ್ಯಾರೇಜ ಕಡೆ ಹಣಿಕಿ ಹಾಕಿಲ್ಲ. ರೊಟ್ಟಿ ಅರ್ಧಾ ಮುರದ ಏಳತಾರ."

"ಗಾಡಿ ಹಳೇದಾತು ಚಾಚಿ, ಅವರದೇನ ತಪ್ಪ?"

"ಅದನ್ನ ನೀನ ಒಳಗ ಹೋಗಿ ಹೇಳ."

ಹೋಗಲಿಲ್ಲ. ಹೇಳಲು ನನ್ನ ಬಳಿ ಪುರಾವೆ ಇರಲಿಲ್ಲ.

ಫೆಬ್ರವರಿ 2, ರವಿವಾರ

ವಿಡಿಯೋ ನೋಡಿ ಕಲಿತದ್ದು: ಎಣ್ಣೆ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯವಲ್ಲ, ಎಲ್ಲಿಂದ ಹೊರಟಿತು ಎಂಬುದು ಮುಖ್ಯ. ಇಂಜಿನ್ ತೊಳೆದು ಒಣಗಿಸಿ, ಪೌಡರ್ ಉದುರಿಸಿ, ಓಡಿಸಿ ನೋಡಬೇಕು. ಬಿಳಿಯ ಮೇಲೆ ದಾರಿ ಕಾಣುತ್ತದೆ.

ಸೀಮೆಎಣ್ಣೆ, ಹಳೆ ಬ್ರಷ್, ಎರಡು ತಾಸು. ಆಮೇಲೆ ಅವ್ವನ ಪೌಡರ್ ಡಬ್ಬಿ. ಬಾಗಿಲಲ್ಲಿ ನಿಂತು ನೋಡಿದಳು.

"ನಲವತ್ತೆಂಟ ವರ್ಷದಾಗ ನಿನ್ನ ಮಾರಿಗೆ ಹಚ್ಚಲಿಲ್ಲ. ಗಾಡಿಗೆ ಹಚ್ಚಾಕ ಹತ್ತೀ."

ಹತ್ತು ನಿಮಿಷ ಓಡಿಸಿದೆ. ಒಂದು ದಾರಿ ಕಾಣುತ್ತದೆಂದು ಕಾದಿದ್ದೆ. ಮೂರು ಕಂಡವು. ಮೇಲಿನ ಕವರಿನ ಅಂಚು, ಬದಿ, ಕೆಳಗೆ — ಎಲ್ಲ ಒಟ್ಟಿಗೆ. ಮೂರು ಪ್ಯಾಕಿಂಗ್ ಒಂದೇ ಸಲ ಕೆಡುತ್ತವೆಯೇ? ಇಂಜಿನ್ ನಿಲ್ಲಿಸಿ ಎಣ್ಣೆ ಹಾಕುವ ಮುಚ್ಚಳ ತಿರುವಿದೆ. 'ಉಸ್' ಎಂದಿತು. ಒಳಗೆ ಕಟ್ಟಿಕೊಂಡ ಗಾಳಿ, ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿನಿಂದ ದೂಡುತ್ತಿದೆ.

ಗಾಳಿ ಹೋಗಲೆಂದೇ ಒಂದು ಕೊಳವೆ ಇರುತ್ತದಂತೆ, ಇಂಜಿನ್ನಿನ ಬದಿಯಿಂದ ಕೆಳಮುಖವಾಗಿ. ನೆಲಕ್ಕೆ ಮಲಗಿ ಕೈ ಹಾಕಿದೆ. ಬಾಯಿ ಸಿಕ್ಕಿತು. ಬೆರಳಿಗೆ ಮೆತ್ತಗೆ ಏನೋ. ಎಳೆದೆ.

ಬಟ್ಟೆ. ನಾಲ್ಕು ಮಡಿಕೆ. ಕಪ್ಪಾಗಿದೆ, ಆದರೆ ಒಂದು ಅಂಚಿನಲ್ಲಿ ಕೆಂಪು ದಾರದ ಹೊಲಿಗೆ. ನಮ್ಮ ನೀರು ಸೋಸುವ ಬಟ್ಟೆ.

ಅಪ್ಪ ಹೋದ ಮೇಲೆ ಗಾಡಿ ನಿಲ್ಲಿಸುವ ದಿನ ಅವ್ವ ಮೂರು ತುಂಡು ಹರಿದುಕೊಟ್ಟಿದ್ದಳು. ತೂತಿನೊಳಗೆ ಹುಳ ಹುಪ್ಪಡಿ ಹೋಗಿ ಸಾಯಬಾರದು. ನೀರಿನೊಳಗಿನ ಜೀವಕ್ಕೂ ಬಟ್ಟೆ ಅಡ್ಡ ಹಿಡಿಯುವ ಜೈನರ ಮನೆ, ಗಾಡಿಯನ್ನು ಬಿಟ್ಟೀತೆ? ತುರುಕಿದವಳು ನಾನು. ಸೈಲೆನ್ಸರಿಗೆ ಒಂದು, ಕಾರ್ಬ್ಯುರೇಟರಿಗೆ ಒಂದು, ಕೆಳಗಿನ ಈ ಕೊಳವೆಗೆ ಒಂದು. ಡಿಸೆಂಬರಿನಲ್ಲಿ ಕಾಕಾನಿಗೆ ಎರಡು ತೆಗೆದುಕೊಟ್ಟೆ. ಮೂರನೆಯದು ಮರೆತಿದ್ದೆ.

ಅವ್ವನಿಗೆ ತೋರಿಸಿದೆ.

"ಒಳಗ ಏನರ ಸತ್ತಿದ್ದುವೇನ?"

"ಇಲ್ಲ."

"ಆತಲ್ಲ ಮತ್ತ."

ಫೆಬ್ರವರಿ 3

ಎರಡು ಹನಿ. ಹಳೆಯ ಎಣ್ಣೆ ಇಳಿದದ್ದಿರಬೇಕು.

ಬಟ್ಟೆಯ ವಿಷಯ ಹೇಳದೆ ಸುಮ್ಮನಿರಬಹುದು. ಕಾಕಾನನ್ನು ಒತ್ತಾಯದಿಂದ ಕರೆತಂದು ನಾಲ್ಕನೆಯ ಸಲ ಪ್ಯಾಕಿಂಗ್ ಹಾಕಿಸಿದರೆ ಎಣ್ಣೆ ನಿಲ್ಲುತ್ತದೆ, ಚೀಲ ಮರಳಿ ಅವರ ಹೆಗಲಿಗೆ ಬರುತ್ತದೆ. ಆದರೆ ಮೂರು ಸಲ ತಮ್ಮ ಕೈ ಕೆಟ್ಟಿತ್ತು ಎಂದೇ ಅವರು ನಂಬಿರುತ್ತಾರೆ. ಹೇಳಿದರೆ? ಎಣ್ಣೆ ಎಲ್ಲ ಕಡೆಯಿಂದ ಬಂದರೆ ಮೊದಲು ಕೊಳವೆ ನೋಡಬೇಕು — ಎರಡು ದಿನದ ವಿಡಿಯೋ ನೋಡಿದ ನನಗೆ ತಿಳಿದದ್ದು ಅವರಿಗೆ ತಿಳಿಯದ್ದಲ್ಲ. ಕೈ ಆರೋಪದಿಂದ ಉಳಿದರೆ ಮರೆತ ತಲೆ ಸಿಕ್ಕಿಬೀಳುತ್ತದೆ.

ಬಸ್ಸಿನಲ್ಲಿ ಕವನದ ಪುಸ್ತಕ ತೆರೆದಿದ್ದೆ. ಗದಗ ಬರುವವರೆಗೂ ಅದೇ ಪುಟ. ಅಂಚಿನಲ್ಲಿ ನನ್ನ ಹೆಬ್ಬೆರಳಿನ ಎಣ್ಣೆ ಗುರುತು.

ಫೆಬ್ರವರಿ 5

ಹೇಳಿದೆ. ಬಟ್ಟೆ ಒಯ್ದು ಅವರ ಮುಂದಿಟ್ಟೆ. ಎಲ್ಲಿತ್ತು, ಯಾರು ಇಟ್ಟದ್ದು, ಯಾಕೆ.

ಕಾಕಾ ಅದನ್ನು ಮೊಣಕಾಲ ಮೇಲೆ ಬಿಡಿಸಿ ಹರವಿದರು. ಮೂಸಿದರು.

"ಮೊದ್ಲ ನೋಡೋದು ಉಸಿರಿನ ಕೊಳವಿ. ಮೊಹಸಿನಗ ಮೊದ್ಲ ಕಲಿಸಿದ್ದೂ ಅದ."

"ನಾನ ಹೇಳಬೇಕಿತ್ತು ಕಾಕಾ. ಮರತೆ."

"ನೀ ಮರತಿ, ಖರೆ. ನಾ ಯಾಕ ನೋಡಲಿಲ್ಲ?" ಬಟ್ಟೆಯನ್ನು ಅದೇ ನಾಲ್ಕು ಮಡಿಕೆಗೆ ಮಡಚಿದರು. "ಹನಿ ಬಿದ್ದಾಗಿಂದ ನಾ ಗಾಡೀನ ನೋಡಲೇ ಇಲ್ಲವಾ. ನನ್ನ ಕೈನ ನೋಡಿಕೋತ ಕುಂತೆ."

ಒಳಗಿನಿಂದ ಚಾಚಿ: "ಅಂದ್ರ ಕೈ ಬರೋಬರಿ ಅದಾವು. ಉಣ್ಣಾಕ ಏಳ್ರಿ ಮತ್ತ."

ಹನ್ನೊಂದನೇ ತಾರೀಖಿಗೆ ಗದಗಿಗೆ ನನ್ನ ಜೊತೆ ಬರುತ್ತೀರಾ ಎಂದು ಕೇಳಿದೆ. "ನೋಡೂಣು" ಅಂದರು. ಚೀಲದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಫೆಬ್ರವರಿ 10

ಮೊಹಸಿನ ಬಂದು ಬೋಲ್ಟುಗಳನ್ನು ತುಸು ಸಡಿಲಿಸಿ ಹೊಂದಿಸಿದ. ಕವರಿನ ಅಂಚು ಸವರಿ ನೋಡಿದ. "ನಮ್ಮ ಅಬ್ಬಾ ಕೊರದದ್ದು ಖಾಸಾ ಕುಂತೈತ್ರಿ ಮೇಡಂರ. ನನಗ ಹಿಂಗ ಬರಂಗಿಲ್ಲ."

"ಅವರಿಗೇ ಹೇಳೋ."

"ನಾ ಹೇಳಿದ್ರ ಬೈತಾರ."

ಸಂಜೆ ಶಿರಹಟ್ಟಿಯವರೆಗೆ ಓಡಿಸಿಕೊಂಡು ಬಂದೆ. ಹೊಸ ಪೇಪರ್ ಹಾಸಿದೆ. ನಾಳೆ ಕಾಕಾ ಬಾರದಿದ್ದರೆ ಮೊಹಸಿನ ಬೈಕಿನಲ್ಲಿ ಬರುತ್ತಾನೆ. ಹಾಗೆ ಮಾತಾಗಿದೆ.

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 6.15

ಪೇಪರ್ ಇನ್ನೂ ಎಳೆದಿಲ್ಲ. ಕಾಗದಪತ್ರ ಎಲ್ಲ ಕೈಚೀಲದಲ್ಲಿ. ಅವ್ವ ನೀರು ಸೋಸಿ ಬಾಟಲಿಗೆ ತುಂಬುತ್ತಿದ್ದಾಳೆ. "ನೋಡಬಾರದೇನ?" ಅಂದಳು. ಸ್ವಲ್ಪ ತಡಿ ಅಂದೆ.

ಗೇಟಿನ ಚಿಲಕ. ಬೈಕಿನ ಸದ್ದು ಬರಲಿಲ್ಲ. ನಡೆದು ಬಂದ ಹೆಜ್ಜೆ, ನಿಧಾನ. ಹೆಜ್ಜೆಗೊಮ್ಮೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು — ಹೆಗಲ ಮೇಲಿನ ಚೀಲದ್ದು —

ಪೇಪರ್ ಅವರೇ ಎಳೆಯಲಿ. ನಾನು ಚಹಾಕ್ಕೆ ಇಡುತ್ತೇನೆ.