ಶ್ರುತಿಪೆಟ್ಟಿಗೆಯೊಳಗಿನ ಪುಟ್ಟ ತಿರುಪು

ಅಪ್ಪ,

ನಿನ್ನ ರಿಪೇರಿ ಮೇಜು ಇನ್ನೂ ಹರವೆ ಊರಿನ ಮನೆಯ ಕಿಟಕಿ ಪಕ್ಕದಲ್ಲೇ ಇದೆ. ಅದರ ಮೇಲೀಗ ಅವ್ವ ಹುಣಸೆಹಣ್ಣು ಹರವುತ್ತಾಳೆ. ಬೇಡ ಎಂದರೆ ಕೇಳುವವಳೇ? ನಿನ್ನ ಸೋಲ್ಡರಿಂಗ್ ಐರನ್ ಮಾತ್ರ ಗುಂಡ್ಲುಪೇಟೆಗೆ ತಂದಿಟ್ಟುಕೊಂಡಿದ್ದೇನೆ. ಕಚೇರಿಗೆ ರಜೆಯಿದ್ದ ದಿನ ಯಾರದಾದರೂ ಹಳೇ ಕೀಬೋರ್ಡು ಬಿಚ್ಚಿಕೊಂಡು ಕೂರುತ್ತೇನೆ. ನಿನ್ನಷ್ಟು ಸಲೀಸಾಗಿ ಕೈ ಓಡುವುದಿಲ್ಲ.

ನೀನು ಹೋದ ಮೂರು ತಿಂಗಳಿಗೆ ಅವ್ವನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೆಟ್ಟಿತು. ಸೋಮವಾರದ ಹೆಂಗಸರ ಭಜನೆಗೆ ತಾಳ ಬಿಟ್ಟರೆ ಅದೊಂದೇ ಆಧಾರ. ಈ ವಯಸ್ಸಿನಲ್ಲೂ ಐದನೇ ಮನೆಯ ಏರು ಶ್ರುತಿಗೇ ಹಾಡುತ್ತೇನೆಂಬ ಅವಳ ಜಂಬ ನಿನಗೆ ಗೊತ್ತೇ ಇದೆ. "ಗೊರಗೊರ ಅಂತದೆ ಕಣಮ್ಮಿ, ನೋಡ್ಬುಡು" ಎಂದು ಬಸ್ಸಿನಲ್ಲಿ ತಂದುಕೊಟ್ಟಳು. ಕೆಪಾಸಿಟರ್ ಉಬ್ಬಿತ್ತು, ಬದಲಾಯಿಸಿದೆ, ಗೊರಗೊರ ನಿಂತಿತು. ಅಲ್ಲಿಗೇ ಮುಚ್ಚಿಟ್ಟಿದ್ದರೆ ಆಗುತ್ತಿತ್ತು. ಮೊಬೈಲಿನಲ್ಲಿ ಸ್ವರ ಅಳೆದು ನೋಡಿದೆ. ಹೊರಗಿನ ಗುಂಡಿ ಐದರಲ್ಲಿದೆ, ಬರುವ ದನಿ ನಾಲ್ಕಕ್ಕಿಂತ ಕೆಳಗೆ! ಹಳೇ ಪೆಟ್ಟಿಗೆ, ಶ್ರುತಿ ಜಾರಿದೆ ಅಂದುಕೊಂಡೆ. ಶ್ರುತಿ ಕೂರಿಸುವ ಒಳಗಿನ ಪುಟ್ಟ ತಿರುಪು ಅಲುಗದಿರಲೆಂದು ನೀನು ಹಚ್ಚಿದ್ದ ಉಗುರುಬಣ್ಣ ಕೆರೆದು, ತಿರುಗಿಸಿ, ಸರಿಯಾಗಿ ಐದಕ್ಕೆ ತಂದೆ. ನಿನ್ನ ಮಗಳಲ್ಲವೇ, ಬೀಗಿದೆ ಕೂಡ.

ಮುಂದಿನ ಸೋಮವಾರ ನಾನೂ ಭಜನೆಗೆ ಹೋಗಿದ್ದೆ. ಹಾಡಿನ ಎರಡನೇ ಸಾಲಿನಲ್ಲೇ ಅವ್ವನ ದನಿ ಒಡೆಯಿತು. ನೀರು ಕುಡಿದು ಮತ್ತೆ ಎತ್ತಿಕೊಂಡಳು, ದನಿ ಮತ್ತೆ ಒಡೆಯಿತು. "ಅವ್ರ ಜೊತೇಲೇ ಓಯ್ತು ಬುಡಿ, ಗಂಟ್ಲು" ಎಂದು ತಾಳ ಕೆಳಗಿಟ್ಟಳು. ನಿನ್ನನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳು ಅವತ್ತು ಅತ್ತಳು. ಆಮೇಲೆ ನಾಲ್ಕು ವಾರ ಭಜನೆಯ ಕಡೆ ತಲೆ ಹಾಕಲಿಲ್ಲ. ನನಗೆ ಭಯವಾಯಿತು, ಇನ್ನು ಹಾಡುವುದೇ ಇಲ್ಲವೇನೋ ಎಂದು.

"ಮದ್ಲು ನೋಡು, ಆಮೇಕೆ ಮುಟ್ಟು" ಅಂತ ನೀನು ಎಷ್ಟು ಸಲ ಗದರಿದ್ದೆ! ಪೆಟ್ಟಿಗೆ ತರಿಸಿಕೊಂಡು ಮತ್ತೆ ಬಿಚ್ಚಿದೆ. ಕೆರೆದ ಬಣ್ಣದ ಚೂರುಗಳು ಒಳಗೇ ಬಿದ್ದಿದ್ದವು, ಪದರ ಪದರವಾಗಿ. ಅಡಿಯಲ್ಲಿ ಕೆಂಪು, ನಾನು ಪಿಯುಸಿಯಲ್ಲಿ ಕೊಂಡದ್ದು. ಅದರ ಮೇಲೆ ಗುಲಾಬಿ, ನನ್ನ ಮದುವೆಯದು. ಮೇಲಿನ ಕಂದು, ಹೋದ ವರ್ಷ ಊರಲ್ಲಿ ಮರೆತು ಬಂದದ್ದು. ಅಂದರೆ ಅವ್ವನ ದನಿ ಇಳಿದಾಗಲೆಲ್ಲ ನೀನು ಶ್ರುತಿಯನ್ನೂ ಇಳಿಸಿ, ಗುಂಡಿಯನ್ನು ಮಾತ್ರ ಐದರಲ್ಲೇ ಬಿಟ್ಟು... ನನಗೊಂದು ಮಾತು ಹೇಳಬಾರದಿತ್ತೇ ಅಪ್ಪ?

ಮೊದಲಿದ್ದಲ್ಲಿಗೇ ಇಳಿಸಿ ಹರವೆಗೆ ಒಯ್ದೆ. ವೈರು ಬಿಟ್ಟಿತ್ತು ಎಂದು ಸುಳ್ಳು ಹೇಳಿದೆ. ಅವ್ವ ಗುನುಗಿದಳು, ಆಮೇಲೆ ಒಂದು ಪದ ಪೂರ್ತಿ ಹಾಡಿದಳು. ಹಾಡಿ ಮುಗಿಸಿ ನನ್ನ ಮುಖ ನೋಡಿದಳು.

"ವೈರಲ್ಲ ಕಣಮ್ಮಿ. ನಿಮ್ಮಪ್ಪ ಇಳಿಸ್ತಿದ್ದುದು ನಂಗೊತ್ತಿಲ್ವಾ? ನಿನ್ ಮನೆ ಗೃಹಪ್ರವೇಶದಲ್ಲಿ ಆರ್ಮೋನಿ ಐದನೇ ಮನೆಗೆ ಪದ ಆಡಕ್ಕೋಗಿ ದನಿ ಎಟುಕ್ದಾಗ ಗೊತ್ತಾಯ್ತು. ಏಳುದ್ರೆ ಅವ್ರು ಬೇಜಾರ್ ಮಾಡ್ಕತರೆ ಅಂತ ಸುಮ್ನಿದ್ದೆ. ನೀ ಏರ್ಸಿದ್ದು ತಿಳೀದೆ, ಅವ್ರು ಇಳ್ಸಿಟ್ಟಿದ್ದುಕ್ಕೂ ದನಿ ಎಟುಕ್ನಿಲ್ವಲ್ಲ ಅಂತ ಅವತ್ತು ಅಳು ಬಂತು."

ನಾನು ಪೆಟ್ಟಿಗೆ ಆರಿಸಿ ಎತ್ತಿಡಲು ಹೋದೆ.

"ತಡಿ, ಇನ್ನೊಂಚೂರು ಇಳ್ಸು" ಅಂದಳು. "ಗುಂಡಿ ಅಲ್ಲೇ ಇರ್ಲಿ, ಅವ್ರು ಇಟ್ಟಂಗೆ."

ಇಳಿಸಿದೆ ಅಪ್ಪ. ಅವಳ ಕಣ್ಣೆದುರಿಗೇ.