ತಮ್ಮನ ಪರವಾಗಿ ಒಂದು ವಾದ

ಕಾನ್‌ಕರ್ಡ್, ನ್ಯೂ ಹ್ಯಾಂಪ್‌ಶೈರ್
ಜೂನ್ ೧೨, ೧೭೮೪

ಪ್ರೀತಿಯ ತಮ್ಮ ಎಲಿಹುಗೆ,

ಅಣ್ಣನ ಆಶೀರ್ವಾದಗಳು. ಚಳಿಗಾಲದಲ್ಲಿ ನೀನು ಬರೆದದ್ದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹ್ಯಾಲಿಫ್ಯಾಕ್ಸ್‌ನ ಮಂಜಿನಲ್ಲಿ ನಿನ್ನ ಕೆಮ್ಮು ಹೇಗಿದೆ?

ಒಳ್ಳೆಯ ಸುದ್ದಿಯನ್ನೇ ಬರೆಯೋಣವೆಂದು ಕಾದೆ. ಕೂಡಿಬರಲಿಲ್ಲ. ಯುದ್ಧದಲ್ಲಿ ರಾಜನ ಕಡೆ ನಿಂತವರನ್ನು ಗಡೀಪಾರು ಮಾಡಿದ ಕಾನೂನನ್ನು ಸಡಿಲಿಸಿ, ನಿನ್ನಂಥವರು ಒಂದು ಬೇಸಿಗೆಯಾದರೂ ಊರಿಗೆ ಬಂದು ಹೋಗಲಿ ಎಂದು ಶಾಸನಸಭೆಯಲ್ಲಿ ಮಸೂದೆ ತಂದೆ. ಊರಿನವರು ನನ್ನನ್ನು ಆರಿಸಿ ಕಳಿಸಿದ್ದು ಸೇತುವೆ ಕೇಳಲಿ ಎಂದು. ನಾನು ಎದ್ದು ನಿಂತದ್ದು ಇದಕ್ಕೆ. ವಕೀಲಿಕೆ ಇನ್ನೂ ಮರೆತಿಲ್ಲ, ಚೆನ್ನಾಗಿಯೇ ವಾದಿಸಿದೆ.

ಹಿಂದಿನ ಬೆಂಚಿನಿಂದ ಯಾರೋ, "ಕ್ಯಾಪ್ಟನ್ನರೇ, ಬೆನಿಂಗ್ಟನ್ ಗುಡ್ಡದಲ್ಲಿ ಇದೇ ರಾಜನ ಕಡೆಯೋರಿಗೆ ಗುಂಡು ಹೊಡೆದದ್ದು ಮರ್ತೋಯ್ತಾ?" ಎಂದ. ಸಭೆ ನಕ್ಕಿತು. ಆಮೇಲೆ ಪಕ್ಕದೂರಿನ ಹಿರಿಯರಾದ ಸಿಮಿಯನ್ ಗೋವ್ ಎದ್ದರು. ಅವರ ಮಗ ನೇಥನ್ ಅದೇ ಗುಡ್ಡದಲ್ಲಿ, ನನ್ನ ತುಕಡಿಯಲ್ಲಿದ್ದಾಗ ಸತ್ತವನು. ದನಿ ಏರಿಸದೆ ಕೇಳಿದರು: "ನಿಮ್ಮ ತಮ್ಮ ದೂರದಲ್ಲಾದ್ರೂ ಬದುಕಿದಾನೆ. ನನ್ನ ಮಗನ್ನ ಯಾವ ಕಾನೂನು ಮಾಡಿ ಕರೆಸ್ಕೊಡ್ತೀರಿ?"

ಕುಳಿತುಬಿಟ್ಟೆ. ಮಸೂದೆ ಬಿದ್ದುಹೋಯಿತು.

ಅಂದು ಸಂಜೆ ಸಭೆಯವರೆಲ್ಲ ಇಳಿದುಕೊಂಡಿದ್ದ ವಸತಿಗೃಹದಲ್ಲಿ ಊಟಕ್ಕೆ ಕೂತಾಗ ನನ್ನ ಮೇಜಿನತ್ತ ಯಾರೂ ಸುಳಿಯಲಿಲ್ಲ. ಯುದ್ಧದಲ್ಲಿ ನನ್ನ ಜೊತೆ ಒಂದೇ ಕಂಬಳಿ ಹೊದ್ದವರೂ ಬೇರೆ ಕಡೆ ನೋಡಿದರು. ಕೊನೆಗೆ ಬಂದವರು ಗೋವ್. ಸೇಬಿನ ಮದ್ಯದ ಲೋಟ ಇಟ್ಟು ಎದುರಿಗೆ ಕೂತರು.

"ನಿಮ್ಮ ಮೇಲೆ ಸಿಟ್ಟಿಲ್ಲ ಕ್ಯಾಪ್ಟನ್. ಆದ್ರೆ ಒಪ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

"ಗೊತ್ತಾಗತ್ತೆ," ಎಂದೆ. "ನೇಥನ್ ಚೆನ್ನಾಗಿ ಹಾಡ್ತಿದ್ದ."

"ಹೌದು, ಹಾಡ್ತಿದ್ದ," ಎಂದರು.

ಮುಂದಿನ ವರ್ಷ ನನ್ನನ್ನು ಯಾರೂ ಆರಿಸುವುದಿಲ್ಲ, ಬಿಡು. ಅಪ್ಪನ ಸಮಾಧಿಗೆ ಬೇಲಿ ಹಾಕಿಸಿದ್ದೇನೆ. ನಿನ್ನ ಬೂದು ಕುದುರೆಗೆ ವಯಸ್ಸಾಗಿದೆ, ಆದರೂ ಪಾದ್ರಿಗಳನ್ನು ಕಂಡರೆ ಕಚ್ಚಲು ಹೋಗುತ್ತದೆ.

ದೇವರು ನಿನ್ನನ್ನೂ ಮಕ್ಕಳನ್ನೂ ಕಾಪಾಡಲಿ. ಬೆಚ್ಚಗಿರು.

ನಿನ್ನ ಅಣ್ಣ,
ಜೋಥಮ್ ಪರ್ಲಿ

ತಾ.ಕ.: ಮಾರ್ಚ್‌ನಲ್ಲಿ ಅಬಿಗೇಲ್ ತೀರಿಕೊಂಡಳು. ಇಲ್ಲಿಯವರೆಲ್ಲ ನಿನ್ನ ಅತ್ತಿಗೆಯನ್ನು ಕ್ಯಾಪ್ಟನ್ನರ ಹೆಂಡತಿ ಎಂದಷ್ಟೇ ಬಲ್ಲರು. ಹಳ್ಳದಲ್ಲಿ ಮೀನು ಕದಿಯಲು ಹೋದ ನಮ್ಮಿಬ್ಬರನ್ನೂ ಬಯ್ದು ಅಟ್ಟಿಸಿಕೊಂಡು ಬಂದ ಆ ಹುಡುಗಿಯನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿರುವುದು ನೀನು ಮಾತ್ರ. ಅವಳ ವಿಷಯ ಮಾತಾಡಲು ನನಗಿಲ್ಲಿ ಯಾರೂ ಇಲ್ಲ, ಎಲಿಹು.